ಹುರುಳಿ ಮುಚ್ಚಿದ ಬಾಣ

ಅವರ ಬಲಗೈಯ ಬೆರಳುಗಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ಉಗುರಿನ ಸಂದಿಯಲ್ಲಿ, ಗೆಣ್ಣಿನ ಗೆರೆಗಳಲ್ಲಿ ಸುಣ್ಣ ಕೂತುಬಿಟ್ಟಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತು ಮುದ್ದೆ ಮುರಿಯುವಾಗ ಆ ಕೈ ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ಬಲಗೈ ಎಂದು ಬರೆದೆ. ಡೈರಿ ತೆಗೆದು ನೋಡಿದರೆ ಅದರಲ್ಲಿ 'ಕೈ' ಎಂದಷ್ಟೇ ಇದೆ. ಮುದ್ದೆ ಮುರಿಯುವುದು ನೆನಪಿರುವುದರಿಂದ ಬಲಗೈ ಎಂದು ನಾನೇ ಸೇರಿಸಿಕೊಂಡಿರಬಹುದು. ಅವರ ಬಗ್ಗೆ ಬರೆಯುವ ಈ ಪುಟಗಳಲ್ಲಿ ಇಂಥವು ಇನ್ನೂ ಇರುತ್ತವೆ. ಖಾತ್ರಿ ಇಲ್ಲದ ಕಡೆ ಹಾಗೆಂದು ಹೇಳುತ್ತೇನೆ. ಖಾತ್ರಿ ಇದೆ ಎಂದುಕೊಂಡ ಕಡೆಯೂ ತಪ್ಪಿರಬಹುದು.

ಅವರು ನಮ್ಮ ಸೈಕಲ್ ಯಾತ್ರೆಯ ಹಿಂದಿನ ಗಾಡಿಯ ಡ್ರೈವರು. ಮಂಗಳೂರಿನ ಕಡಲಿನಿಂದ ಪುದುಚೇರಿಯ ಕಡಲಿನವರೆಗೆ ಎಂಟು ದಿನದ ಯಾತ್ರೆ ಅದು. ಮುಖ್ಯರಸ್ತೆ ಬಿಟ್ಟು ಆದಷ್ಟೂ ಹಳ್ಳಿಗಳ ದಾರಿಯಲ್ಲೇ ಹೋಗುವುದು. ತುಳಿಯುವವರು ನಾವು ಹನ್ನೊಂದು ಜನ, ಜೊತೆಗೆ ಎರಡು ಗಾಡಿಗಳು. ಮುಂದಿನ ಗಾಡಿಯಲ್ಲಿ ಅಡುಗೆಯವರು, ಪಾತ್ರೆ, ಹಾಸಿಗೆ. ಹಿಂದಿನದರಲ್ಲಿ ಟ್ಯೂಬು, ಪಂಪು, ನೀರಿನ ಕ್ಯಾನು, ಬಾಳೆಹಣ್ಣು. ಇನ್ನು ತುಳಿಯಲಾಗದು ಎಂದವರು ಸೈಕಲ್ಲನ್ನು ಟಾಪಿನ ಮೇಲೆ ಹಾಕಿಸಿ ಹಿಂದಿನ ಗಾಡಿ ಹತ್ತಬೇಕು. ಸಂಜೆ ಎಲ್ಲರೂ ಸೇರಿದಾಗ ಬರುವ ಮೊದಲ ಮಾತೇ ಅದು: ಇವತ್ತು ಯಾರು ಹತ್ತಿದರು?

ಅವರನ್ನು ಎಲ್ಲರೂ ಡ್ರೈವರಣ್ಣ ಎನ್ನುತ್ತಿದ್ದೆವು. ಅರವತ್ತರ ಹತ್ತಿರದವರು, ಚನ್ನರಾಯಪಟ್ಟಣದಿಂದಾಚೆ ಬಾಗೂರಿನ ಕಡೆಯವರು. ಮನೆಯಲ್ಲಿ ಒಕ್ಕಲುತನ. ಬಿಡುವಿದ್ದಾಗ ಗಾಡಿ ಬಾಡಿಗೆಗೆ ಓಡಿಸುತ್ತಿದ್ದರು.

ನಾನು ಯಾತ್ರೆಗೆ ಸೇರಿದಾಗ ನನಗೆ ನಲವತ್ತಾರು. ಹಾಸನದಲ್ಲೇ ಹುಟ್ಟಿ, ಓದಿ, ಅಲ್ಲೇ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾ ಒಬ್ಬಳೇ ಇದ್ದೇನೆ. ಹೆಸರು ಕೊಟ್ಟು ಬಂದ ದಿನ ಅಕ್ಕನಿಗೆ ಹೇಳಿದೆ. ಅವಳು ಅವರೆಕಾಯಿ ಹಿಸುಕುತ್ತಾ ತಲೆ ಎತ್ತದೆ ಹೇಳಿದಳು: "ಪಿಎಚ್.ಡಿ. ಅರ್ಧ, ವೀಣೆ ಅರ್ಧ, ಸಂಸಾರ ಅರ್ಧ. ಈಗ ಸೈಕಲ್ಲಾ? ಹೋಗಮ್ಮ. ಎಲ್ಲಿ ಗಾಡಿ ಹತ್ತಿದೆ ಅಂತ ಒಂದು ಫೋನ್ ಮಾಡು ಸಾಕು, ಬಂದು ಕರ್ಕೊಂಡು ಬರ್ತೀನಿ." ತಮಾಷೆಗೇ ಹೇಳಿದ್ದು. ನಾನೂ ನಕ್ಕೆ. ಆಮೇಲೆ ಆ ಎಂಟು ದಿನವೂ ನನಗೆ ಬೇಕಿದ್ದದ್ದು ಒಂದೇ: ಗಾಡಿ ಹತ್ತದೆ ಇನ್ನೊಂದು ಕಡಲು ಮುಟ್ಟುವುದು.

ಉಳಿದವರು ಜೋಡಿಯಾಗಿ, ಗುಂಪಾಗಿ ಬಂದವರು. ಮೊದಲ ದಿನ ಬೆಳಿಗ್ಗೆ ಹಿಂದಿನ ಗಾಲಿಯನ್ನು ಕಡಲಿಗೆ ಅದ್ದಿ ಹೊರಟ ಅರ್ಧ ಗಂಟೆಯಲ್ಲಿ ಅವರೆಲ್ಲ ಕಣ್ಮರೆಯಾದರು. ಅಲ್ಲಿಂದ ಮುಂದೆ ಪ್ರತಿದಿನವೂ ಕೊನೆಯವಳು ನಾನೇ. ರಸ್ತೆಯಲ್ಲಿ ನಾನು, ನನ್ನ ಹಿಂದೆ ಎಲ್ಲೋ ಅವರ ಗಾಡಿ. ಅದು ಕಾಣುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ನಾನು ಅರ್ಧ ಮೈಲಿ ಮುಂದೆ ಹೋಗುವವರೆಗೆ ಎಂಜಿನ್ ಆರಿಸಿ ಮರದ ನೆರಳಲ್ಲಿ ನಿಲ್ಲುವುದು, ಆಮೇಲೆ ಅಷ್ಟೇ ದೂರ ಬಂದು ಮತ್ತೆ ಆರಿಸುವುದು ಅವರ ಪದ್ಧತಿ. ಯಾಕೆ ಎಂದು ಕೇಳಿದ್ದಕ್ಕೆ, "ಬೆನ್ನಿಂದೆ ಗಾಡಿ ಗುರ್ ಅಂತಿದ್ರೆ ಯಾರ್ಗವ್ವ ತುಳಿಯಕ್ ಮನ್ಸಾಯ್ತದೆ?" ಎಂದರು. ನನ್ನಿಂದ ನಿಮಗೆ ತಡವಾಗುತ್ತದೆ ಎಂದು ನಾನು ಒಮ್ಮೆ ಕ್ಷಮೆ ಕೇಳಿದಾಗ ಅವರಿಗೆ ಬೇಸರವೇ ಆಯಿತು. "ನಾನಿರೋದೇ ಕೊನೇವ್ರಿಗೆ ಕಣವ್ವ. ನೀವಿಲ್ದಿದ್ರೆ ನಂಗೇನ್ ಕೆಲ್ಸ?"

ಸುಣ್ಣದ ವಿಷಯ ಹೇಳಬೇಕು. ಒಂದು ಹಳೆಯ ತಗಡಿನ ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು ಅದರಲ್ಲಿ ಸುಣ್ಣದ ಪುಡಿ ತುಂಬಿಟ್ಟಿದ್ದರು. ಬೆಳಿಗ್ಗೆ ನಾವು ಏಳುವ ಮೊದಲೇ ಗಾಡಿ ತೆಗೆದುಕೊಂಡು ಹೋಗಿ, ಆ ದಿನದ ದಾರಿಯ ಕವಲುಗಳಲ್ಲೆಲ್ಲ ಡಬ್ಬಿ ಅಲ್ಲಾಡಿಸಿ ಬಾಣ ಬರೆದು, ನಾವು ಉಪ್ಪಿಟ್ಟಿಗೆ ಕೂರುವ ಹೊತ್ತಿಗೆ ವಾಪಸಾಗಿರುತ್ತಿದ್ದರು. ಒಂದು ಉದ್ದ ಗೆರೆ, ತುದಿಗೆ ಕೋಳಿಯ ಹೆಜ್ಜೆಯಂತೆ ಮೂರು ಗೀಟು. ಅವರ ಬಾಣ ಯಾವ ಊರಿನಲ್ಲಿದ್ದರೂ ಗುರುತು ಸಿಗುತ್ತಿತ್ತು. ನಮ್ಮಲ್ಲೊಬ್ಬ ಹುಡುಗ ರೇಗಿಸಿದ: "ಏನ್ ಡ್ರೈವರಣ್ಣ, ಯಾವ ಕಾಲದಲ್ಲಿದೀಯ? ಎಲ್ಲರ ಹತ್ರಾನೂ ಮ್ಯಾಪ್ ಇದೆ." ಅವರು ಬಿಳಿ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ, "ಇರ್ಲಿ ಬುಡಿ ಸಾ. ಮ್ಯಾಪು ನಿಮ್ಗಾಯ್ತು. ನಾವ್ ಬತ್ತಾ ಇದೀವಿ ಅಂತ ರಸ್ತೆಗೂ ಒಸಿ ಗೊತ್ತಿರ್ಲಿ" ಎಂದರು.

ನನ್ನ ಫೋನು ಹಳೆಯದು. ಮಧ್ಯಾಹ್ನದೊಳಗೆ ಚಾರ್ಜು ಮುಗಿಯುತ್ತಿತ್ತು. ಅದನ್ನು ಅವರ ಗಾಡಿಯಲ್ಲಿ ಚಾರ್ಜಿಗೆ ಹಾಕಿಬಿಡುತ್ತಿದ್ದೆ. ಹಾಗಾಗಿ ಹನ್ನೊಂದು ಜನರಲ್ಲಿ ಬಾಣ ನೋಡಿಕೊಂಡು ಹೋಗುತ್ತಿದ್ದವಳು ನಾನೊಬ್ಬಳೇ. ಅವರಿಗೂ ಅದು ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಇಡೀ ದಿನ ಮನುಷ್ಯರ ದನಿ ಇಲ್ಲದೆ ತುಳಿಯುವಾಗ, ಎದುರಿಗೆ ಒಂದು ಕವಲು, ಅದರ ಬಾಯಲ್ಲಿ ಆ ಕೋಳಿ ಹೆಜ್ಜೆ. ಯಾರೋ ಇಲ್ಲಿ ನನಗಾಗಿ ಬಗ್ಗಿ ಎದ್ದು ಹೋಗಿದ್ದಾರೆ ಎಂದು ತಿಳಿದರೆ ಸಾಕಾಗುತ್ತಿತ್ತು.

ಎರಡನೆಯ ದಿನ ಬಿಸಿಲೆ ಘಾಟಿ. ಅರ್ಧ ಏರುವಷ್ಟರಲ್ಲಿ ಪೆಡಲು ತುಳಿಯಲಾಗದಾಯಿತು. ಸೈಕಲ್ಲನ್ನು ಬಂಡೆಗೆ ಒರಗಿಸಿ ಕೂತೆ. ಅವರ ಗಾಡಿ ಬಂತು. "ಡ್ರೈವರಣ್ಣ, ಹತ್ತಲಾ?" ಎಂದೆ. ಕೇಳುವಾಗಲೇ ಅಳು ಬರುತ್ತಿತ್ತು.

ಅವರು ಪಕ್ಕದ ಸೀಟಿನ ಕಡೆ ನೋಡಿದರು. ಅಲ್ಲಿ ಒಂದು ಗೊನೆ ಬಾಳೆಹಣ್ಣು, ಅದರ ಮೇಲೆ ಮಡಿಸಿದ ಟಾರ್ಪಾಲು, ಅದರ ಮೇಲೆ ಸುಣ್ಣದ ಡಬ್ಬಿ. "ಜಾಗ ಇಲ್ವಲ್ಲ ಕಣವ್ವ" ಎಂದರು. ಅಷ್ಟೇ. ಎರಡು ಹಣ್ಣು ಕಿತ್ತುಕೊಟ್ಟರು. ತಿಂದು, ತಳ್ಳಿಕೊಂಡು, ಆಮೇಲೆ ಹತ್ತಿ ತುಳಿದು ಹೇಗೋ ಘಾಟಿ ಮುಗಿಸಿದೆ. ಮೇಲೆ ಬಂದರೆ ಒಬ್ಬ ಯುವಕ ಕಾಲು ಹಿಡಿದುಕೊಂಡು ರಸ್ತೆ ಬದಿ ಬಿದ್ದಿದ್ದ. ಅವನನ್ನು ಕಂಡದ್ದೇ ಡ್ರೈವರಣ್ಣ ಗೊನೆ, ಟಾರ್ಪಾಲು, ಡಬ್ಬಿ ಎಲ್ಲವನ್ನೂ ಒಂದೇ ಸಲಕ್ಕೆ ಎತ್ತಿ ಹಿಂದಕ್ಕೆ ಹಾಕಿ ಸೀಟು ಖಾಲಿ ಮಾಡಿದರು. ನಾನು ನೋಡುತ್ತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ನನ್ನಿಂದ ಆಗುತ್ತದೆ ಎಂದು ಯಾರಾದರೂ ಮಾತಿಲ್ಲದೆ ಹೇಳಿದ್ದು ಅದೇ ಮೊದಲು. ಮಾತಿನಲ್ಲಿ ಹೇಳಿದವರೂ ಹೆಚ್ಚಿರಲಿಲ್ಲ.

ಮೂರನೆಯ ದಿನ ಇಡೀ ದಾರಿ ನನ್ನ ಜಿಲ್ಲೆಯಲ್ಲೇ. ಅರಕಲಗೂಡಿನಲ್ಲಿ ಎದ್ದಾಗ ಕೈ ಸೆಟೆಯುವಷ್ಟು ಚಳಿ ಇತ್ತು. ದಾರಿಯುದ್ದಕ್ಕೂ ಶುಂಠಿ ಹೊಲ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನು. ಹೊಳೆನರಸೀಪುರದಲ್ಲಿ ಮಧ್ಯಾಹ್ನದ ಊಟ. ನಾನು ತಲುಪುವ ಹೊತ್ತಿಗೆ ಬೇರೆಯವರ ಮನೆಯವರು ಬೆಂಗಳೂರಿನಿಂದ, ಮೈಸೂರಿನಿಂದ ಕಾರು ಮಾಡಿಕೊಂಡು ಬಂದು, ಫೋಟೊ ತೆಗೆದು, ಊಟಕ್ಕೂ ಕೂತಿದ್ದರು. ಅಕ್ಕ ಹಾಸನದಿಂದ ಮುಕ್ಕಾಲು ಗಂಟೆಯಲ್ಲಿ ಬರಬಹುದಿತ್ತು. 'ನೋಡೋಣ' ಎಂದಿದ್ದಳು. ಬರಲಿಲ್ಲ. ನಾನು ತಟ್ಟೆ ಹಿಡಿದು ಹೊಳೆಯ ಕಡೆ ಮುಖ ಮಾಡಿ ಕೂತೆ. ಡ್ರೈವರಣ್ಣ ತಮ್ಮ ತಟ್ಟೆ ತಂದು ಎರಡು ಮಾರು ದೂರದಲ್ಲಿ ಕೂತರು.

"ನಿಮ್ಮೋರು ಯಾರೂ ಬರ್ನಿಲ್ವಾ?"

"ಬರ್ತೀನಿ ಅಂದಿದ್ದಳು ಅಕ್ಕ."

"ನಮ್ಮನೇವ್ಳೂ ಅಂಗೇ. ಸಂಜೆ ಚನ್ನರಾಯಪಟ್ಣಕ್ ಬಾ, ಸೈಕಲ್ನೋರ್ನ ನೋಡೀವಂತೆ ಅಂದ್ರೆ, 'ನೀವ್ ಗಾಡಿ ಓಡ್ಸೋದ್ ನೋಡಿರೋದೇ ಸಾಕು' ಅಂತಾಳೆ." ಆಮೇಲೆ ತಟ್ಟೆ ಎತ್ತಿಕೊಂಡು ಏಳುತ್ತಾ, "ಇವತ್ ದಾರಿ ಮಟ್ಟಸವಾಗದೆ. ನಿಧಾನಕ್ಕೆ ಓಗಿ" ಎಂದರು.

ಹೊಳೆನರಸೀಪುರ ಬಿಟ್ಟ ಮೇಲೆ ಒಂದು ಕವಲು ಬರುತ್ತದೆ. ಅಲ್ಲೊಂದು ಅರಳಿಕಟ್ಟೆ. ಬಲಕ್ಕೆ ಹೋದರೆ ಚನ್ನರಾಯಪಟ್ಟಣ, ಎಡಕ್ಕೆ ಹೋದರೆ ಸುತ್ತಿಕೊಂಡು ಹಾಸನದ ಕಡೆ. ಅದು ಹುರುಳಿ ಕೊಯ್ಲಿನ ಕಾಲ. ನಮ್ಮ ಕಡೆ ಕಣ ಮಾಡುವ ಶ್ರಮ ಬೇಡವೆಂದು ಹುರುಳಿ ಗಿಡವನ್ನು ಡಾಂಬರು ರಸ್ತೆಗೇ ಹರಡುತ್ತಾರೆ. ಹೋಗಿ ಬರುವ ಬಸ್ಸು, ಲಾರಿಗಳ ಚಕ್ರಕ್ಕೆ ಸಿಕ್ಕಿ ಕಾಳು ಬೇರೆಯಾಗುತ್ತದೆ. ಸಂಜೆ ಗುಡಿಸಿ ತುಂಬಿಕೊಳ್ಳುತ್ತಾರೆ. ಅವತ್ತು ಆ ಕವಲಿಗೆ ಸರಿಯಾಗಿ ಹರಡಿದ್ದರು. ಹುರುಳಿ ಮೇಲೆ ಸೈಕಲ್ ಗಾಲಿ ಜಾರುತ್ತದೆ, ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ಇಳಿದು ತಳ್ಳಿಕೊಂಡು ದಾಟಿದೆ. ಬಾಣ ಹುಡುಕಿದೆ, ಕಾಣಲಿಲ್ಲ. ಬಾಣ ಇಲ್ಲದಿದ್ದರೆ ಅಲ್ಲೇ ಕಾಯಬೇಕು, ಅವರು ಬರುತ್ತಾರೆ. ಇದು ಗೊತ್ತಿತ್ತು. ಆದರೆ ಬಲಗಡೆ ರಸ್ತೆಯಲ್ಲಿ ಕಣ್ಣು ಹಾಯುವಷ್ಟು ದೂರ ಹುರುಳಿ, ಎಡಗಡೆ ಬರಿ ರಸ್ತೆ. ಎಡಕ್ಕೆ ಹೋದೆ. ಅಷ್ಟೇ ಕಾರಣ.

ಮೊಸಳೆ ಎಂಬ ಊರಿಗೆ ಇನ್ನಿಷ್ಟು ದೂರ ಎಂಬ ಬೋರ್ಡು ಕಂಡಾಗ ಸೈಕಲ್ ನಿಲ್ಲಿಸಿದೆ. ವಿದ್ಯಾರ್ಥಿನಿಯಾಗಿದ್ದಾಗ ಅಲ್ಲಿನ ಜೋಡಿ ದೇವಸ್ಥಾನ ನೋಡಲು ಎಷ್ಟು ಸಲ ಬಂದಿದ್ದೇನೆ! ಹುಟ್ಟಿದ ಜಿಲ್ಲೆಯಲ್ಲೇ ದಾರಿ ತಪ್ಪಿದ್ದೆ. ಹಿಂದೆ ತಿರುಗಿ ನೋಡಿದೆ. ಗಾಡಿ ಇಲ್ಲ. ಎಂದೂ ಕಾಣದ ಗಾಡಿ ಅದು, ಆದರೂ ಈ ಸಲ ಇಲ್ಲ ಎಂದು ತಿಳಿಯಿತು. ಒಂದು ಮೋರಿಯ ಕಟ್ಟೆಯ ಮೇಲೆ ಕೂತೆ. ಎರಡು ಗಂಟೆ ಹೊತ್ತು ಎಂದು ಡೈರಿ ಹೇಳುತ್ತದೆ. ಅಷ್ಟಿರಲಿಕ್ಕಿಲ್ಲ. ಒಬ್ಬ ಹೆಂಗಸು ಹಸು ಹೊಡೆದುಕೊಂಡು ಹೋದಳು, ಏನನ್ನೂ ಕೇಳಲಿಲ್ಲ. ವಾಪಸು ತುಳಿಯಬೇಕೆಂದರೆ ಕಾಲು ಏಳಲಿಲ್ಲ. ಅಲ್ಲಿಂದ ಅಕ್ಕನ ಮನೆ ಹತ್ತಿರ. ಫೋನು ಕೈಯಲ್ಲಿದ್ದಿದ್ದರೆ ಮಾಡಿಬಿಡುತ್ತಿದ್ದೆ.

ಅವರು ಬಂದಾಗ ಬಿಸಿಲು ಇಳಿದಿತ್ತು. ಗಾಡಿಯಿಂದ ಇಳಿದವರು ನನ್ನ ಎದುರು ತಪ್ಪು ಮಾಡಿದ ಹುಡುಗನಂತೆ ನಿಂತರು.

"ತಪ್ ನಂದು ಕಣವ್ವ" ಎಂದರು. "ಅರಳಿಕಟ್ಟೆ ತಾವ ಒಂದ್ ಮುದ್ಕಿ ಕೈ ಅಡ್ಡ ಆಕ್ತು. 'ಲೇ ಅಪ್ಪಯ್ಯ, ಬೆಳಗಿಂದ ಎಲ್ಡ್ ಬಸ್ ಓಗಿದ್ದೇ ಓಗಿದ್ದು, ಉಳ್ಳಿ ಬುಟ್ಕಂಡೇ ಇಲ್ಲ ಕಣ್ಲಾ. ಒಸಿ ಇಂದಕ್ಕೂ ಮುಂದಕ್ಕೂ ಓಡಾಡ್ಸ್ಲಾ' ಅಂತು. ಉಳ್ಳಿ ಅಂದ್ರೆ ನಂಗೂ ಒಂಥರಾ ಆಸೆ. ಸರಿ ಅಂತ ಓಡಾಡ್ಸ್ದೆ."

"ಎಷ್ಟು ಸಲ?"

ಅವರು ನೆಲ ನೋಡಿದರು. "ಒಂದ್ ಇಪ್ಪತ್ ದಪ ಆಗಿರ್ಬೌದು."

ನೀವು ಬಲಕ್ಕೇ ಹೋಗಿರುತ್ತೀರಿ ಎಂದುಕೊಂಡು ಆಮೇಲೆ ಆ ಕಡೆ ಬಹಳ ದೂರ ಹೋದೆ, ಸಿಗಲಿಲ್ಲ, ವಾಪಸು ಕವಲಿಗೆ ಬಂದೆ ಎಂದರು. ಅಷ್ಟರಲ್ಲಿ ಮುದುಕಿ ಹುರುಳಿ ಗುಡಿಸಲು ಶುರು ಮಾಡಿದ್ದಳಂತೆ. ಪೊರಕೆಯ ಕೆಳಗಿಂದ ಅವರದೇ ಬಾಣ ಹೊರಗೆ ಬಂತಂತೆ. "ಇಲ್ಲೊಬ್ರು ಸೈಕಲ್ ಅಮ್ಮ ಎತ್ಲಾಗ್ ಓದ್ರು ಅಂತ ಕೇಳುದ್ರೆ, 'ಎಡಕ್ಕೋಯ್ತು ಕಣ್ಲಾ ಆ ಯಮ್ಮ. ನಿಮ್ ಕಡೇದಾ? ಮೊದ್ಲೇ ಕೇಳ್ಬಾರ್ದಾ' ಅಂತದೆ ಮುದ್ಕಿ!"

ನನಗೆ ನಗು ಬಂತು. ನಗುವಿನ ಹಿಂದೆಯೇ ಅಳು. "ಮುಗೀತು ಬಿಡಿ ಅಣ್ಣ, ನಾನು ಗಾಡಿ ಹತ್ತಿದ ಹಾಗೇ" ಎಂದೆ.

"ಅದೆಂಗಾಯ್ತದೆ? ತಪ್ಪಿದ್ ದಾರಿ ಲೆಕ್ಕಕ್ಕಿಲ್ಲ. ತಪ್ಪಿದ್ ಜಾಗಕ್ಕೆ ವಾಪಸ್ ಬುಟ್ಬುಡ್ತೀನಿ. ಅಲ್ಲಿಂದ ನಿಮ್ದು" ಎಂದರು. ನ್ಯಾಯವಾಗಿಯೇ ಕಂಡಿತು. ಅವರು ಬಾಗಿಲು ತೆಗೆದರು, ನಾನು ಹತ್ತಿ ಕೂತೆ. ಕೂತದ್ದೇ ನಿದ್ದೆ. "ಇಳೀರಿ ಕಣವ್ವ, ಇಲ್ಲೇ ನೀವ್ ತಪ್ಪಿದ್ದು" ಎಂದು ಅವರು ಎಬ್ಬಿಸಿದಾಗ ಕಣ್ಣು ಬಿಟ್ಟರೆ ರಸ್ತೆಯ ಮೇಲೆ ಹುರುಳಿ ಹೊಟ್ಟು, ಮುಂದೆ ಮಬ್ಬು ಬೆಳಕು. ಸೈಕಲ್ ಇಳಿಸಿಕೊಟ್ಟರು. ತುಳಿದೆ. ಆ ಒಂದು ಸಂಜೆ ಮಾತ್ರ ಅವರು ದೂರ ನಿಲ್ಲಲಿಲ್ಲ. ದೀಪ ಹಾಕಿಕೊಂಡು ನನ್ನ ಹಿಂದೆಯೇ ಬಂದರು. ನನ್ನ ನೆರಳು ನನಗಿಂತ ಉದ್ದವಾಗಿ ಮುಂದೆ ಮುಂದೆ ಹೋಗುತ್ತಿತ್ತು. ಚನ್ನರಾಯಪಟ್ಟಣದ ಛತ್ರ ಮುಟ್ಟಿದಾಗ ಉಳಿದವರೆಲ್ಲ ಸ್ನಾನ ಮಾಡಿ ಕೂತಿದ್ದರು. "ಹತ್ತಿದ್ರಾ?" ಎಂದು ಯಾರೋ ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಡ್ರೈವರಣ್ಣ, "ಪೂರಾ ತುಳುದವ್ರೆ" ಎಂದರು.

ಎಂಟನೆಯ ದಿನ ಪುದುಚೇರಿ. ಮುಂದಿನ ಗಾಲಿಯನ್ನು ಕಡಲಿಗೆ ಅದ್ದುವಾಗ ನನ್ನ ಜೊತೆ ನೀರಿಗೆ ಇಳಿದದ್ದು ಅವರೊಬ್ಬರೇ, ಪಂಚೆ ಎತ್ತಿ ಕಟ್ಟಿಕೊಂಡು. ಅಕ್ಕನಿಗೆ ಫೋನು ಮಾಡಿ, "ಗಾಡಿ ಹತ್ತಲಿಲ್ಲ" ಎಂದೆ. "ಸರಿ, ಊಟ ಆಯ್ತಾ?" ಎಂದಳು. ಅವಳು ಮತ್ತೆಂದೂ ಅರ್ಧದ ಮಾತು ಆಡಿಲ್ಲ. ನಾನೂ ಆಮೇಲೆ ಹಳೆಯ ಪೆಟ್ಟಿಗೆಯಿಂದ ಪಿಎಚ್.ಡಿ. ಕಾಗದ ಹೊರತೆಗೆದೆ. ಈಗ ನಾಲ್ಕನೆಯ ಅಧ್ಯಾಯದಲ್ಲಿದ್ದೇನೆ.

ಪ್ರತಿವರ್ಷ ಅವರೆಕಾಯಿ ಕಾಲಕ್ಕೆ ಅವರ ಫೋನು ಬರುತ್ತಿತ್ತು. "ಈ ವರ್ಷ ಬತ್ತೀರಾ? ಕೊನೇವ್ರು ಯಾರೂ ಇಲ್ದೆ ಬೇಜಾರು." ಮುಂದಿನ ವರ್ಷ ಎನ್ನುತ್ತಿದ್ದೆ. ಎರಡು ವರ್ಷ ಹಾಗೆ ಹೇಳಿದೆ. ಮೂರನೆಯ ವರ್ಷ ಫೋನು ಬರಲಿಲ್ಲ. ನಾನೇ ಮಾಡಿದೆ. ಎತ್ತಿದ್ದು ಅವರ ಹೆಂಡತಿ: "ಯಾರು, ಕೊನೇ ಮೇಡಮ್ಮಾ? ಫೋನ್ನಲ್ಲಿ ಅಂಗೇ ಬರ್ಸವ್ರೆ." ಆಮೇಲೆ ಹೇಳಿದರು, ಡ್ರೈವರಣ್ಣ ಹೋಗಿ ಎರಡು ತಿಂಗಳಾಯಿತು ಎಂದು. ಜ್ವರ ಅಂತ ಮಲಗಿದವರು ಮತ್ತೆ ಏಳಲಿಲ್ಲವಂತೆ.

ಅವರ ಬಗ್ಗೆ ಬರೆಯಬೇಕೆಂದು ಕೂತೆ. ಬರೆಯುವ ಮೊದಲು ಜಾಗ ನೋಡಿ ಬರುವುದು ನನ್ನ ಓದು ಕಲಿಸಿದ ಚಾಳಿ. ಸ್ಕೂಟರಿನಲ್ಲಿ ಹೊಳೆನರಸೀಪುರಕ್ಕೆ ಹೋಗಿ ಆ ಕವಲು ಹುಡುಕಿದೆ. ಅರಳಿಕಟ್ಟೆ ಅಲ್ಲೇ ಇದೆ. ಆದರೆ ಅವತ್ತು ಸಂಜೆ ನಾನು ಇಳಿದ ಜಾಗದಲ್ಲಿ ಕಟ್ಟೆ ಇರಲಿಲ್ಲ. ಸೈಕಲ್ ಹತ್ತುವಾಗ ಎಡಗಡೆ ಒಂದು ನಾಲೆ, ಅದರ ಮೇಲೆ ಕಮಾನಿನ ಸಣ್ಣ ಸೇತುವೆ ಕಂಡ ನೆನಪು. ಕವಲಿನ ಬಳಿ ನಾಲೆಯೇ ಇಲ್ಲ. ಚನ್ನರಾಯಪಟ್ಟಣದ ದಿಕ್ಕಿಗೆ ಮುಂದೆ ಹೋದೆ. ಒಂಬತ್ತು ಕಿಲೋಮೀಟರ್ ಆದ ಮೇಲೆ ನಾಲೆ ಬಂತು, ಕಮಾನೂ ಬಂತು.

ನಮ್ಮ ಜಿಲ್ಲೆಯಲ್ಲಿ ನಾಲೆಗಳಿಗೆ ಬರವಿಲ್ಲ. ಎಲ್ಲೋ ಕಂಡ ಕಮಾನನ್ನು ಆ ಸಂಜೆಗೆ ನಾನೇ ಅಂಟಿಸಿಕೊಂಡಿರಬಹುದು. ಆದರೆ ಡೈರಿಯಲ್ಲಿ ಎರಡು ಸಮಯ ಬರೆದಿದ್ದೇನೆ: ಮತ್ತೆ ತುಳಿಯಲು ಶುರು ಮಾಡಿದ್ದು, ಛತ್ರ ಮುಟ್ಟಿದ್ದು. ನಡುವೆ ಒಂದೂವರೆ ಗಂಟೆ. ಕವಲಿನಿಂದ ಅಷ್ಟು ಹೊತ್ತಿನಲ್ಲಿ ಛತ್ರ ಮುಟ್ಟುವಷ್ಟು ವೇಗವಾಗಿ ನಾನು ಒಂದು ದಿನವೂ ತುಳಿದವಳಲ್ಲ. ಇನ್ನೊಂದು ವಿಷಯವೂ ಈಗ ನೆನಪಾಗುತ್ತದೆ. ಮೊಸಳೆಯ ದಾರಿಯಲ್ಲಿ ಅವರು ಬಾಗಿಲು ತೆಗೆದಾಗ ಪಕ್ಕದ ಸೀಟು ಖಾಲಿ ಇತ್ತು. ಗೊನೆ, ಟಾರ್ಪಾಲು, ಡಬ್ಬಿ ಯಾವುದೂ ಇರಲಿಲ್ಲ. ನನ್ನನ್ನು ಹುಡುಕಿಕೊಂಡು ಬರುವಾಗಲೇ ತೆಗೆದಿಟ್ಟಿದ್ದರು.

ಒಂದು ಭಾನುವಾರ ಹೋಗಿ ಆ ಒಂಬತ್ತು ಕಿಲೋಮೀಟರ್ ತುಳಿದು ಬಂದೆ. ಮನಸ್ಸು ಹಗುರಾಗಲಿಲ್ಲ. ಬಲಗಡೆಯ ರಸ್ತೆಯಲ್ಲಿ ಅವತ್ತು ಎಲ್ಲ ಕಡೆ ಹುರುಳಿ ಇತ್ತು. ಗಾಬರಿಯಲ್ಲಿ ಅವರಿಗೂ ಜಾಗ ತಪ್ಪಿರಬಹುದು. ಹಾಗಾಗಿದ್ದರೆ ನನಗೆ ನೋವಿಲ್ಲ. ಬೇಕೆಂದೇ ಮುಂದೆ ಇಳಿಸಿದ್ದರೆ, ನನ್ನಿಂದ ಆಗುತ್ತದೆ ಎಂದು ನಂಬಿದ ಒಬ್ಬರೂ ಅವತ್ತು ಆಗುವುದಿಲ್ಲ ಎಂದುಕೊಂಡರು ಎಂದಾಯಿತು.

ಕಳೆದ ತಿಂಗಳು ಅವರ ಊರಿಗೆ ಹೋದೆ. ಗಾಡಿ ಹೊಂಗೆಮರದ ಕೆಳಗೆ ನಿಂತಿದೆ. ಸುಣ್ಣದ ಡಬ್ಬಿಯಲ್ಲಿ ಈಗ ಬೂದಿ ತುಂಬಿ ಅವರೆ ಗಿಡಕ್ಕೆ ಉದುರಿಸುತ್ತಾರೆ. ಅವರ ಹೆಂಡತಿ ಮೊರದಲ್ಲಿ ಹುರುಳಿ ಕೇರುತ್ತಾ ಕೂತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ನಕ್ಕರು.

"ಉಳ್ಳಿ ಮ್ಯಾಲೆ ಗಾಡಿ ಓಡ್ಸಿದ್ ಕತೆಯಾ? ನೂರ್ ದಪ ಏಳವ್ರೆ. ನಾನ್ ಚೆನ್ನಾಗ್ ಬೈದೆ. ನಿಮ್ನ ಕರ್ದಿರೋದು ಗಾಡಿ ಓಡ್ಸಕ್ಕೋ, ಊರೋರ್ ಕಣ ಮಾಡಕ್ಕೋ ಅಂತ."

"ಅತ್ತಿಗೆ, ಆಮೇಲಿನದ್ದೂ ಹೇಳಿದ್ರಾ? ನನ್ನನ್ನ ಎಲ್ಲಿ ಇಳಿಸಿದ್ರು ಅಂತ?"

ಮೊರ ನಿಂತಿತು. ಅವರು ನನ್ನನ್ನು ನೋಡಿದರು, ಗಾಡಿಯನ್ನು ನೋಡಿದರು. ಮೊರದ ಅಂಚಿನಲ್ಲಿದ್ದ ಒಂದು ಕಲ್ಲನ್ನು ಆರಿಸಿ ಎಸೆದರು. "ಮುದ್ದೆ ತಣ್ಣಗಾಯ್ತದೆ, ಏಳಿ" ಎಂದರು. ಅವರೆಕಾಳಿನ ಸಾರು. ಎರಡು ಸಲ ಬಡಿಸಿದರು. ಡ್ರೈವರಣ್ಣನ ಬಗ್ಗೆ ಬೇರೆ ಎಷ್ಟೋ ಹೇಳಿದರು. ಹೊರಡುವಾಗ ಒಂದು ಚೀಲದಲ್ಲಿ ಹುರುಳಿ ಹಾಕಿಕೊಟ್ಟು ರಸ್ತೆಯವರೆಗೂ ಬಂದರು. ಬಸ್ಸು ದೂರದ ತಿರುವಿನಲ್ಲಿ ಕಾಣಿಸಿಕೊಂಡಾಗ ಇನ್ನೊಮ್ಮೆ ಕೇಳಿದೆ.

"ಅತ್ತಿಗೆ, ಅವರು ಇಳಿಸಿದ್ದು ನಾನು ತಪ್ಪಿದ ಜಾಗ ಅಲ್ಲ ಅಂತ ಅವರಿಗೆ ಗೊತ್ತಿತ್ತಾ?"